ಹೆಂಗಸರ ಕಡೆಯ ಚಾಪೆ

ಇವತ್ತು ಮುಳಬಾಗಿಲಿನ ನಮ್ಮ ಚರ್ಚಿನ ಬಾಗಿಲಲ್ಲೇ ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಅಮ್ಮನ ಭಾನುವಾರದ ಸೀರೆಗೆ ಅದೇ ವಾಸನೆ. ಚಿಕ್ಕಂದಿನಲ್ಲಿ ಹೆಂಗಸರ ಚಾಪೆಯ ಮೇಲೆ ಅವಳಿಗೆ ಅಂಟಿಕೊಂಡೇ ಕೂರುತ್ತಿದ್ದೆ. ಪ್ರಾರ್ಥನೆಗೆ ಎಲ್ಲರೂ ತಲೆಗೆ ಸೆರಗು ಹೊದ್ದಾಗ, ಅವಳ ಸೆರಗಿನ ತುದಿ ನನ್ನ ತಲೆಯ ಮೇಲೂ ಇರುತ್ತಿತ್ತು.

ಒಂದು ಭಾನುವಾರ ಪಾಸ್ಟರ್ ಅಯ್ಯನವರು ಪ್ರಾರ್ಥನೆ ನಿಲ್ಲಿಸಿ, "ಲೇ, ಮೀಸೆ ಬರೋ ವಯಸ್ಸಾಯ್ತು, ಗಂಡಸರ ಕಡೆ ಹೋಗಿ ಕೂತ್ಕೋ" ಎಂದರು. ಅಮ್ಮ ನನ್ನ ತಲೆಯ ಮೇಲಿಂದ ಸೆರಗು ಎಳೆದುಕೊಂಡಳು. ದೇವರೂ ನನ್ನನ್ನು ಅಲ್ಲಿಗೇ ಕಳಿಸುತ್ತಿದ್ದಾನೇನೋ ಎಂದುಕೊಳ್ಳುತ್ತಾ ಎದ್ದು ಹೋದೆ.

ಇವತ್ತು ಸೀರೆ ನನ್ನದು, ಸೆರಗೂ ನನ್ನದು. ಮಗಳಾಗಿ ಮೊದಲ ಸಲ ಆ ಚಾಪೆಯ ಅಂಚಿನಲ್ಲಿ ನಿಂತೆ. ಪ್ರಾರ್ಥನೆಯಲ್ಲಿದ್ದ ಅಮ್ಮ ಕಣ್ಣು ತೆರೆಯದೆ ತುಸು ಪಕ್ಕಕ್ಕೆ ಸರಿದಳು. ಜಾಗ ಕೊಟ್ಟಳೋ, ದೂರ ಹೋದಳೋ ತಿಳಿಯಲಿಲ್ಲ.

ಸೆರಗು ಹೊದ್ದು ಕೂತೆ.