ತಟ್ಟೆ ಮರೆಯಾಗುವ ಆಳ

ಮರಳುದಿಬ್ಬದ ಆಚೆ ಕಡಲು, ಈಚೆ ಸರೋವರ. ದಂಡೆಯ ಮೇಲಿನ ನೀರುಪರೀಕ್ಷಾ ಕೇಂದ್ರದಲ್ಲಿ ಆಕೆಯ ಹುದ್ದೆಗೊಂದು ಉದ್ದನೆಯ ಹೆಸರಿತ್ತು. ಅದನ್ನು ಯಾರೂ ಬಳಸುತ್ತಿರಲಿಲ್ಲ. ಕಪ್ಪು–ಬಿಳುಪಿನ ದುಂಡು ತಟ್ಟೆಯೊಂದನ್ನು ದೋಣಿಯಿಂದ ಹಗ್ಗದಲ್ಲಿ ಇಳಿಬಿಟ್ಟು, ಅದು ಕಣ್ಮರೆಯಾಗುವ ಆಳವನ್ನು ಕೂಗಿ ಹೇಳುವುದು ಅವಳ ಕೆಲಸ. ಆಳ ಹೆಚ್ಚಿದ್ದರೆ ನೀರು ತಿಳಿ, ಕಡಿಮೆಯಿದ್ದರೆ ಕದಡು. ಹಾಗಾಗಿ ಎಲ್ಲರಿಗೂ ಅವಳು ತಟ್ಟೆಯಕ್ಕ.

"ಎಲ್ಲರೂ ತಟ್ಟೆ ತುಂಬಿಸೋಕೆ ದುಡಿದ್ರೆ, ಅಕ್ಕ ಮುಳುಗಿಸೋಕೆ ದುಡೀತಾಳೆ" ಎಂಬ ದೋಣಿಯವನ ನಗೆಮಾತಿಗೆ ಹೆಚ್ಚುಕಡಿಮೆ ದೋಣಿಯಷ್ಟೇ ವಯಸ್ಸಾಗಿತ್ತು.

ತಟ್ಟೆಯ ನಂತರ ಬಾಟಲಿಗಳ ಸರದಿ. ಒಂದೇ ನೀರನ್ನು ಜೋಡಿ ಬಾಟಲಿಗಳಿಗೆ ತುಂಬಿ, ಒಂದನ್ನು ಹಾಗೆಯೇ, ಇನ್ನೊಂದನ್ನು ಕಪ್ಪು ಬಟ್ಟೆಯಲ್ಲಿ ಮುಚ್ಚಿ, ಬೇರೆ ಬೇರೆ ಆಳದಲ್ಲಿ ತೂಗುಹಾಕಬೇಕು. ಬೆಳಕು ಕಂಡ ಬಾಟಲಿಯಲ್ಲಿ ಸೂಕ್ಷ್ಮ ಪಾಚಿ ಆಮ್ಲಜನಕವನ್ನು ಕೂಡಿಸುತ್ತದೆ. ಕತ್ತಲಿನದರಲ್ಲಿ ಇದ್ದುದನ್ನೇ ಉಸಿರಾಡಿ ಕಳೆಯುತ್ತದೆ. ಎರಡರ ನಡುವಿನ ಅಂತರವೇ ಸರೋವರದ ಆ ದಿನದ ದುಡಿಮೆ. ಕತ್ತಲಿನ ಹೊದಿಕೆಗಳನ್ನು ಹೊಲಿದುಕೊಡುತ್ತಿದ್ದವನು ಅವಳ ಗಂಡ, ದರ್ಜಿ. "ನಮ್ಮ ಮಕ್ಕಳಿಗೂ ಇಷ್ಟು ಕುಲಾವಿ ಹೊಲೀಲಿಲ್ಲ" ಎಂದು ಗೊಣಗುತ್ತಲೇ ಹೊಲಿಯುತ್ತಿದ್ದ.

ಆ ವರ್ಷ ತಟ್ಟೆ ಬೇಗಬೇಗ ಮರೆಯಾಗತೊಡಗಿತು. ನೀರು ಕೆಡುತ್ತಿದೆಯೆಂದು ಮೇಲಿನವರಿಗೆ ವರದಿ ಹೋಗಬೇಕಿತ್ತು. ಆದರೆ ಕೇಂದ್ರದ ಮುಖ್ಯಸ್ಥೆಗೆ ಒಂದು ಅನುಮಾನ.

"ಅಕ್ಕಾ, ನಿಮ್ಮ ತಟ್ಟೆ ಪ್ರಕಾರ ತೀರಾ ಕೆಳಗಿನ ಬಾಟಲಿವರೆಗೆ ಬೆಳಕು ಇಳಿಯೋದೇ ಕಷ್ಟ. ಅದರಲ್ಲಿ ನೋಡಿದ್ರೆ ಪಾಚಿ ಹಾಯಾಗಿ ದುಡೀತಾ ಇದೆ. ಯಾರ ಮಾತು ನಂಬ್ಲಿ?"

"ಬಾಟಲಿ ಸರಿಯಾಗಿ ತೊಳೆದಿಲ್ವೇನೋ ಮೇಡಂ" ಎಂದಳು. ಅಂದ ಮೇಲೆ ನೆನಪಾಯಿತು: ತೊಳೆದವಳೂ ತಾನೇ.

ಸಂಜೆ ಗಂಡ ಎಂದಿನಂತೆ ಸೂಜಿ–ದಾರ ಚಾಚಿದ. ಪೋಣಿಸಿಕೊಡುವುದು ಮೊದಲಿನಿಂದಲೂ ಅವಳ ಪಾಲು. ದಾರ ಮತ್ತೆ ಮತ್ತೆ ಸೂಜಿಯ ಪಕ್ಕದಲ್ಲಿ ಹಾದುಹೋಯಿತು.

"ಈ ಸೂಜಿ ಕಣ್ಣು ಚಿಕ್ಕದು ಕಣ್ರೀ."

"ಸೂಜಿ ಹಳೇದೇ ಕಣೆ. ಕುಣಿಯಲಾರದೋಳು ನೆಲ ಡೊಂಕು ಅಂದ್ಲಂತೆ."

ಅವಳು ಸೂಜಿಯನ್ನು ದೀಪದತ್ತ ಹಿಡಿದಳು. ಎಷ್ಟೋ ದಿನಗಳಿಂದ ದೀಪಗಳ ಸುತ್ತ ಕಾಣುತ್ತಿದ್ದ ಮಂಜು, ಒರೆಸಿದರೂ ಹೋಗದ ಕನ್ನಡಕದ ಮಬ್ಬು, ಎಲ್ಲವೂ ಒಮ್ಮೆಗೇ ಅರ್ಥವಾಯಿತು. ಬಾಯಿ ಬಿಟ್ಟರೆ ದೋಣಿಯ ಜಾಗ ಹೋದೀತು. ಬಿಡದಿದ್ದರೆ ಸರೋವರದ ಹೆಸರು ಕೆಡುತ್ತದೆ.

ಬೆಳಿಗ್ಗೆ ಮುಖ್ಯಸ್ಥೆಯ ಮೇಜಿನ ಮುಂದೆ ನಿಂತಳು. "ಮೇಡಂ, ಪೊರೆ ಬಂದಿರೋದು ನೀರಿಗಲ್ಲ, ನನ್ನ ಕಣ್ಣಿಗೆ ಅನ್ಸುತ್ತೆ."

ದೋಣಿಯವನೂ ಸೇರಿ ಮೂವರೂ ದೋಣಿಯೇರಿದರು. ತಟ್ಟೆ ಅವಳಿಗೆ ಮರೆಯಾದ ಮೇಲೂ ಉಳಿದಿಬ್ಬರಿಗೆ ಕಾಣುತ್ತಲೇ ಇತ್ತು.

"ನೀನಾದ್ರೂ ಮೊದಲೇ ಹೇಳಬಾರದಿತ್ತಾ?" ಎಂದು ಅವಳು ದೋಣಿಯವನ ಮೇಲೆ ಹರಿಹಾಯ್ದಳು.

"ನೀನು ಈ ಕಡೆ ಬಗ್ಗಿದ್ರೆ ನಾನು ಆ ಕಡೆ ವಾಲಿ ಕೂರ್ಬೇಕಲ್ಲಕ್ಕ, ದೋಣಿ ಮಗುಚಬಾರದು ಅಂತ. ತಟ್ಟೆ ನೋಡೋಕೆ ಬಿಡುವೆಲ್ಲಿ?"

"ಹಾಗಾದ್ರೆ ನನ್ನ ಜಾಗ..." ಎಂದು ಅವಳು ಮುಖ್ಯಸ್ಥೆಯತ್ತ ತಿರುಗಿದಳು.

"ವರದಿ ಕಾಯುತ್ತೆ, ಜಾಗಾನೂ ಕಾಯುತ್ತೆ. ಮೊದಲು ಕಣ್ಣು ಸರಿಮಾಡಿಸ್ಕೊಂಡು ಬನ್ನಿ."

ಶಸ್ತ್ರಚಿಕಿತ್ಸೆಯಾಗಿ, ವೈದ್ಯರು ಒಪ್ಪಿದ ಮೇಲೆ ಅವಳು ಮತ್ತೆ ದೋಣಿಯ ಅಂಚಿಗೆ ಬಾಗಿದಳು. ತಟ್ಟೆಯ ಬಿಳುಪು ಹಸಿರಿಗೆ ತಿರುಗಿತು, ಹಸಿರು ಮಸುಕಾಯಿತು. ಹಳೆಯ ಗುರುತನ್ನು ದಾಟಿ ಹಗ್ಗ ಇಳಿಯುತ್ತಲೇ ಹೋಯಿತು. ಕೊನೆಗೆ ಅವಳು ಕೂಗಿದ ಆಳಕ್ಕೂ ಮುಖ್ಯಸ್ಥೆ ಕಂಡ ಆಳಕ್ಕೂ ಬೆರಳಗಲದ ವ್ಯತ್ಯಾಸವೂ ಇರಲಿಲ್ಲ.

"ಕೆರೆ ಮೇಲೆ ಹಾಕಿದ ದೂರು ವಾಪಸ್ ತಗೋ ಅಕ್ಕ" ಎಂದ ದೋಣಿಯವನು, ವಾಲಿ ಕುಳಿತೇ.

ಅವಳು ಆಗಲೇ ಕೈಯಲ್ಲಿದ್ದ ಬಾಟಲಿಯ ಹೊದಿಕೆಯನ್ನು ಬಿಸಿಲಿಗೆ ಹಿಡಿದು ನೋಡುತ್ತಿದ್ದಳು.

ಸಂಜೆ ಗಂಡನ ಹೊಲಿಗೆಯಂತ್ರದ ಪಕ್ಕ ಕುಳಿತು ಮೆಲ್ಲಗೆ ಮಾತು ತೆಗೆದಳು: "ರೀ, ಆ ಕುಲಾವಿಗಳು ಕಪ್ಪಲ್ಲ, ಕಡುನೀಲಿ."

ಯಂತ್ರ ನಿಂತಿತು. "ಕಪ್ಪು ಬಟ್ಟೆ ಮುಗಿದಿತ್ತು ಕಣೆ. ಒಳಪದರ ಕಪ್ಪೇ, ಒಂದು ಎಳೆ ಬೆಳಕೂ ನುಸುಳಲ್ಲ. ನಿನಗೆಲ್ಲಿ ಗೊತ್ತಾಗುತ್ತೆ ಅಂದ್ಕೊಂಡೆ."

"ಇನ್ಮೇಲೆ ಗೊತ್ತಾಗುತ್ತೆ" ಎಂದಳು. "ಕೊಡಿ ಇಲ್ಲಿ ಆ ಸೂಜೀನ."