ಗಂಡನ ಹೆಸರಿನ ಊರು

ಕಳೆದ ವರ್ಷ ಜುಲೈನಲ್ಲಿ, ತಮಿಳರ ಆಡಿ ತಿಂಗಳ ಮೊದಲ ವಾರದಲ್ಲಿ, ಸೇಲಂನ ಒಂದು ಮಹಿಳಾ ಆಶ್ರಯಧಾಮದಲ್ಲಿದ್ದ ಹೆಂಗಸೊಬ್ಬಳ ಊರು ಯಾವುದೆಂದು ಗೊತ್ತಾಯಿತು. ಆಕೆ ಅಲ್ಲಿಗೆ ಬಂದು ಮೂರು ವರ್ಷ ದಾಟಿತ್ತು. ಊರು ಸೇಲಂನಿಂದ ಅರ್ಧ ದಿನದ ದಾರಿಯೂ ಅಲ್ಲ; ಬೆಳಿಗ್ಗೆ ಹೊರಟರೆ ಸಂಜೆಯೊಳಗೆ ವಾಪಸು ಬರಬಹುದು.

ನಾನು ಸೇವಾಸಂಸ್ಥೆಗಳಿಗೆ ಪ್ರಚಾರದ ಕೆಲಸ ಮಾಡಿಕೊಡುತ್ತೇನೆ. ಯಾರ ಸಂಬಳದಲ್ಲೂ ಇಲ್ಲ, ಬೇಕಾದವರು ಕರೆಯುತ್ತಾರೆ. ದಾನಿಗಳಿಗೆ ಹೋಗುವ ವಾಟ್ಸಾಪ್ ಮನವಿ, ಎರಡು ನಿಮಿಷದ ವಿಡಿಯೊ, ವಾರ್ಷಿಕ ವರದಿ, ಹಬ್ಬಕ್ಕೊಂದು ಪೋಸ್ಟರು. ಅದಕ್ಕೂ ಮೊದಲು ತಮಿಳು ದಿನಪತ್ರಿಕೆಯೊಂದರಲ್ಲಿ ವರದಿಗಾರ್ತಿಯಾಗಿದ್ದೆ. ಅದರ ಸೇಲಂ ಕಚೇರಿಯನ್ನು ಮುಚ್ಚಿದಾಗ ಜೊತೆಯವರು ಚೆನ್ನೈಗೆ, ಕೊಯಮತ್ತೂರಿಗೆ ಹೋದರು. ನನಗೆ ಈ ಊರು ಬಿಡುವ ಮನಸ್ಸಾಗಲಿಲ್ಲ. ಎಷ್ಟೇ ಇಕ್ಕಟ್ಟಾದ ಬೀದಿಯಾದರೂ ಅದರ ತುದಿಯಲ್ಲಿ ಬೆಟ್ಟದ ಒಂದು ತುಂಡು ಕಾಣುತ್ತದೆ. ಸಂಜೆ ನಿಪ್ಪಟ್ಟಿನಂಥ ತಟ್ಟುವಡೆ ಮಾರುವ ಗಾಡಿಯ ಮುಂದೆ ನಿಂತರೆ ಪರಿಚಯದವರು ಇಬ್ಬರಾದರೂ ಸಿಗುತ್ತಾರೆ, ಮೂರನೆಯವರು ಬಂದು ಹೊಸ ಕೆಲಸ ಹೇಳುತ್ತಾರೆ. ನನ್ನ ಅರ್ಧ ಕೆಲಸ ಹಾಗೆ ಬಂದದ್ದೇ.

ಆಶ್ರಯಧಾಮದ ಕೆಲಸವೂ ಹಾಗೆಯೇ ಬಂತು. ರೈಲು ನಿಲ್ದಾಣ, ಬಸ್ ಸ್ಟ್ಯಾಂಡುಗಳಲ್ಲಿ ಬುದ್ಧಿ ಸ್ಥಿಮಿತ ತಪ್ಪಿ ಸಿಕ್ಕ ಹೆಂಗಸರನ್ನು ಅಲ್ಲಿ ಇಟ್ಟುಕೊಂಡು, ಔಷಧಿ ಕೊಟ್ಟು, ಮನೆಯವರನ್ನು ಹುಡುಕಿ ಕಳಿಸುತ್ತಾರೆ. ಟ್ರಸ್ಟಿಗೆ ಒಂದು ವಿಡಿಯೊ ಬೇಕಿತ್ತು. ಅವರು ನಿವೃತ್ತ ಬ್ಯಾಂಕ್ ಅಧಿಕಾರಿ, ಮಾತು ನೇರ. "ಒಬ್ಬರು ಮನೆ ಸೇರೋದನ್ನ ಮೊದಲಿಂದ ಕೊನೆವರೆಗೆ ತೆಗೀರಿ. ಗೇಟಿನ ಹತ್ತಿರ ಮಗಳು ಓಡಿಬಂದು ತಬ್ಬಿಕೊಳ್ಳಬೇಕು. ಅದೊಂದು ಶಾಟ್ ಸಾಕು" ಎಂದರು. ಅವರು ಹೇಳಿದ್ದು ತಪ್ಪಲ್ಲ. ಆ ಶಾಟ್ ಇರುವ ವಿಡಿಯೊವನ್ನೇ ಜನ ಕೊನೆಯವರೆಗೆ ನೋಡುತ್ತಾರೆ.

ಯಾರದು ತೆಗೆಯುವುದೆಂದು ಕೇಳಲು ವಾರ್ಡನ್ ಬಳಿ ಹೋದೆ. ಅವರು ಹಾಲ್‌ನ ಮೂಲೆಯಲ್ಲಿ ಸೊಪ್ಪು ಬಿಡಿಸುತ್ತಿದ್ದ ಹೆಂಗಸನ್ನು ತೋರಿಸಿದರು. "ಇವರು ಮನೆ ಸೇರಿಬಿಟ್ಟರೆ ಚೆನ್ನಾಗಿರುತ್ತೆ. ದಿನಾ ಮಗಳು ಮಗಳು ಅಂತಾರೆ. ಆದರೆ ಗಂಡನ ಹೆಸರು ಮರೆತಿದೆ, ಊರು ಮರೆತಿದೆ. ಮಾತಾಡೋದು ಕನ್ನಡ. ಮೈಸೂರಿಗೆ, ಬೆಂಗಳೂರಿಗೆ, ಎಲ್ಲಾ ಕಡೆ ಫೋಟೊ ಕಳಿಸಿ ಆಯಿತು. ಯಾರೂ ನಮ್ಮವರು ಅನ್ನಲಿಲ್ಲ."

ಆಕೆ ಸಿಕ್ಕಿದ್ದು ಬೆಂಗಳೂರು ರೈಲುಗಳು ಹಾದುಹೋಗುವ ಮೊರಪ್ಪೂರು ಸ್ಟೇಷನ್ನಿನ ಪ್ಲಾಟ್‌ಫಾರಂನಲ್ಲಿ. ಕನ್ನಡ ಮಾತಾಡುತ್ತಾಳೆ, ರೈಲಿನಲ್ಲಿ ಬಂದಿದ್ದಾಳೆ, ಆದ್ದರಿಂದ ಕರ್ನಾಟಕದವಳು. ಸೇಲಂನಲ್ಲಿ ಯಾರಾದರೂ ಹಾಗೆಯೇ ಲೆಕ್ಕ ಹಾಕುತ್ತಾರೆ. ನನ್ನ ಮನೆಮಾತು ಕನ್ನಡ. ನಾನು ಹುಟ್ಟಿದ್ದು ಇಲ್ಲೇ ಧರ್ಮಪುರಿ ಜಿಲ್ಲೆಯ ಪೆನ್ನಾಗರಂ ಕಡೆ, ಅಲ್ಲಿ ಕನ್ನಡ ಮಾತಾಡುವ ಮನೆಗಳು ಬೇಕಾದಷ್ಟಿವೆ ಎಂದು ಹೇಳಿದಾಗ ವಾರ್ಡನ್ ಅದನ್ನು ಸುಮ್ಮನೆ ಹೇಳುತ್ತಿದ್ದೇನೆ ಅಂದುಕೊಂಡರು.

ನಾನು ಆಕೆಯ ಪಕ್ಕ ಕೂತು ಸೊಪ್ಪು ಬಿಡಿಸತೊಡಗಿದೆ. "ಅಮ್ಮಾ, ನಿಮ್ಮೂರಲ್ಲಿ ರಾಗಿ ಬೀಸೋಕೆ ಎಲ್ಲಿಗೆ ಹೋಗ್ತೀರಾ?" ಎಂದೆ.

"ಎಲ್ಲಿಗೆ ಓಗೋದು? ಪೆನ್ನಾಗರಕ್ಕೆ. ಮಿಷಿನ್ ಅಲ್ಲೇ ಐತೆ" ಎಂದಳು. ತಲೆ ಎತ್ತಲಿಲ್ಲ.

ಇದನ್ನು ಯಾರೂ ಕೇಳಿರಲಿಲ್ಲ. ಮೂರು ವರ್ಷ ಎಲ್ಲರೂ ಕೇಳಿದ್ದು ಎರಡೇ: ಗಂಡನ ಹೆಸರೇನು, ಊರಿನ ಹೆಸರೇನು. ಮಗಳ ಹೆಸರನ್ನು ಆಕೆ ಮೊದಲ ವಾರವೇ ಹೇಳಿದ್ದಳು.

"ಊರ ಹೆಸರು ಹೇಳಿ, ಕರ್ಕೊಂಡು ಹೋಗ್ತೀನಿ."

ಆಕೆ ಇನ್ನೊಂದು ಕಟ್ಟು ಸೊಪ್ಪು ಬಿಚ್ಚಿದಳು. ಮತ್ತೆ ಕೇಳಿದೆ. "ಅದು ಅವರ ಎಸರು ಕಣವ್ವ. ನಾನೆಂಗೆ ಏಳ್ಲಿ?"

ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ನಮ್ಮ ಅಜ್ಜಿಯೂ ತಾತನ ಹೆಸರು ಹೇಳುತ್ತಿರಲಿಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದರೆ ಪಕ್ಕದವಳ ಕಡೆ ನೋಡುತ್ತಿದ್ದಳು, ಪಕ್ಕದವಳು ಹೇಳುತ್ತಿದ್ದಳು. ಈಕೆಯ ಊರು, ಆಮೇಲೆ ಗೊತ್ತಾದಂತೆ, ಒಂದು ದೇವರ ಹೆಸರಿನದು. ಗಂಡನಿಗೂ ಅದೇ ದೇವರ ಹೆಸರನ್ನೇ ಇಟ್ಟಿದ್ದರು. ಊರು ಹೇಳಿದರೆ ಗಂಡನ ಹೆಸರು ಹೇಳಿದ ಹಾಗೆ. ಆ ಊರಲ್ಲಿ ಇದ್ದಾಗ ಆಕೆಗೆ ಅದರ ಹೆಸರು ಹೇಳುವ ಅಗತ್ಯವೇ ಬಿದ್ದಿರಲಿಲ್ಲ.

ಪಕ್ಕದ ಹಾಸಿಗೆಯ ತಮಿಳು ಮುದುಕಿಗೆ ವಾರ್ಡನ್ ವಿಷಯ ವಿವರಿಸಿದರು. ಮುದುಕಿ ಬೊಚ್ಚುಬಾಯಿ ಬಿಟ್ಟು ನಕ್ಕಳು. "ಪುರುಷನ್ ಪೇರಾ? ಎನ್ನ ಕೇಳು!" ಎಂದು ತನ್ನ ಗಂಡನ ಹೆಸರನ್ನು ಮೂರು ಸಲ ಕೂಗಿದಳು, ಪ್ರತಿ ಸಲವೂ ಒಂದೊಂದು ಬೈಗುಳ ಸೇರಿಸಿ. "ನೋಡು, ಬಾಯಿ ಏನೂ ಬಿದ್ದುಹೋಗಲಿಲ್ಲ" ಎಂದಳು. ಸೊಪ್ಪಿನವಳೂ ನಕ್ಕಳು, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು. ಆದರೆ ಹೇಳಲಿಲ್ಲ.

ಕೊನೆಗೆ ನಾನೇ ಪೆನ್ನಾಗರಂ ಬಸ್ ಸ್ಟ್ಯಾಂಡಿನಿಂದ ಹೊರಡುವ ಟೌನ್ ಬಸ್ಸುಗಳ ನಿಲ್ದಾಣಗಳನ್ನು ನೆನಪಿದ್ದಂತೆ ಹೇಳುತ್ತ ಹೋದೆ. ಒಂದೊಂದಕ್ಕೂ ಆಕೆ ಅಡ್ಡಡ್ಡ ತಲೆಯಾಡಿಸಿದಳು. "ಅಲ್ಲ." "ಅಲ್ಲ, ಅದು ನಮ್ಮ ನಾದಿನಿ ಊರು." "ಅಲ್ಲ, ಇನ್ನೂ ಮುಂದೆ." ಕಾಡಿನ ಅಂಚಿನ ಒಂದು ಹೆಸರು ಬಂದಾಗ ಅಲ್ಲ ಎನ್ನಲಿಲ್ಲ. ತಲೆಯ ಮೇಲೆ ಸೆರಗು ಎಳೆದುಕೊಂಡು ಸೊಪ್ಪಿನ ಕಡೆ ನೋಡಿದಳು.

"ಮಗಳ ಮದ್ವೆ ಮಾಡ್ಬೇಕು ಕಣವ್ವ. ಬ್ಯಾಗ ಕರ್ಕೊಂಡೋಗು" ಎಂದಳು.

ಮರುದಿನ ವಾರ್ಡನ್ ಮತ್ತು ನಾನು ಆ ಊರಿಗೆ ಹೋದೆವು. ಕ್ಯಾಮೆರಾ ಬ್ಯಾಗಿನಲ್ಲಿತ್ತು. ಆಕೆಯ ಫೋಟೊ ತೋರಿಸಿದ್ದಕ್ಕೆ ಬಸ್ ಇಳಿದ ಕಡೆಯೇ ಒಬ್ಬರು ಮನೆ ತೋರಿಸಿದರು. ಅಂಗಳದಲ್ಲಿ ಆಕೆಯ ಮೈದುನ ಮೇಕೆಗಳಿಗೆ ಸೊಪ್ಪು ಕಟ್ಟುತ್ತಿದ್ದ. ಫೋಟೊ ನೋಡಿ ಅಲ್ಲೇ ಕುಕ್ಕರಿಸಿದ.

"ಅತ್ತಿಗೆ ಬದುಕವ್ರಾ?"

ಒಳಗೆ ಗೋಡೆಯ ಮೇಲೆ ಆಕೆಯ ಇನ್ನೊಂದು ಫೋಟೊ ಇತ್ತು. ಪ್ಲಾಸ್ಟಿಕ್ ಹಾರ, ಕೆಳಗೆ ಕೆಂಪು ಸೀರಿಯಲ್ ಬಲ್ಬು. ಪಕ್ಕದಲ್ಲಿ ಅಂಥದೇ ಹಾರ ಹಾಕಿದ ಗಂಡನ ಫೋಟೊ.

ಆತ ಹೇಳಿದ್ದನ್ನು ಆತನ ಮಾತಿನಲ್ಲೇ ಬರೆಯುತ್ತೇನೆ. "ಧರ್ಮಪುರಿ, ಮೆಟ್ಟೂರು, ಎಲ್ಲಾ ಉಡುಕಿದೋ. ಅಣ್ಣ ಅದೇ ಕೊರಗಲ್ಲಿ ಓದ್ರು. ಆಮೇಲೆ ಮಗೀಗೆ ಸಂಬಂಧ ಬಂತು. ತಾಯಿಗೆ ತಲೆ ಸರಿಯಿಲ್ಲ, ಎಲ್ಲೋ ಓಗವ್ಳೆ ಅಂದ್ರೆ ಯಾರು ಕಟ್ಕೋತಾರೆ ಮೇಡಂ? ತೀರೋದ್ರು ಅಂದ್ಬುಟ್ಟೋ. ತಿಥಿನೂ ಮಾಡ್ಬುಟ್ಟೋ. ಕಡಯಂಪಟ್ಟಿ ಕಡೆ ಕೊಟ್ಟಿದೀವಿ. ಚೆನ್ನಾಗವ್ಳೆ."

"ಈಗ ಅವರನ್ನ ಕರೆತರೋದಾ?" ಎಂದು ವಾರ್ಡನ್ ಕೇಳಿದರು.

"ಬ್ಯಾಡ ಅನ್ನಾಕೆ ನಾನ್ಯಾರು? ಅವರ ಮನೆ ಇದು. ಮಗೀನ ಒಂದ್ ಮಾತು ಕೇಳ್ಬುಡಿ."

ಆತ ಎದ್ದು ಅತ್ತಿಗೆಯ ಫೋಟೊದಿಂದ ಹಾರ ತೆಗೆದ. ಕೈಯಲ್ಲಿ ಹಿಡಿದು ನಿಂತ. ಹೊರಗೆ ಯಾರೋ ಕೆಮ್ಮಿದ್ದು ಕೇಳಿಸಿತು. ಮತ್ತೆ ಅದನ್ನೇ ಹಾಕಿದ.

ಮಗಳು ಮರು ತಿಂಗಳು, ಆವಣಿಯಲ್ಲಿ ಬಂದಳು. ಮೊದಲ ಬಸುರಿ, ಸ್ಕ್ಯಾನಿಂಗ್‌ಗೆಂದು ಗಂಡನ ಮನೆಯಲ್ಲಿ ಹೇಳಿ ಚಿಕ್ಕಪ್ಪನ ಜೊತೆ ಸೇಲಂಗೆ ಬಂದಿದ್ದಳು. ಗೇಟಿನ ಬಳಿ ನನ್ನ ಭುಜದ ಬ್ಯಾಗು ನೋಡಿ, "ಅಕ್ಕಾ, ವಿಡಿಯೊ ವೇಂಡಾಂ. ಬೇಡ, ಪ್ಲೀಸ್. ನಮ್ಮತ್ತೆ ಫೋನಲ್ಲೇ ಇರ್ತಾರೆ ಇಡೀ ದಿನ, ಎಲ್ಲಾ ವಿಡಿಯೊ ನೋಡ್ತಾರೆ" ಎಂದಳು. ನಾನು ಬ್ಯಾಗನ್ನು ವಾರ್ಡನ್ ಕೋಣೆಯಲ್ಲಿಟ್ಟು ಬಂದೆ.

ಮಗಳು ಓಡಲಿಲ್ಲ. ತಾಯಿಯೂ ಓಡಲಿಲ್ಲ. ತಾಯಿ ಮಗಳ ಕೊರಳ ತಾಳಿಯನ್ನು ಬೆರಳಲ್ಲಿ ಎತ್ತಿ ನೋಡಿದಳು. ಆಮೇಲೆ ಹೊಟ್ಟೆಯ ಮೇಲೆ ಕೈಯಿಟ್ಟಳು.

"ಮದ್ವೆ ಆಗೋಯ್ತಾ?"

"ಆಯ್ತವ್ವಾ."

"ದಾರೆಗೆ ಯಾರು ಕೂತ್ರು?"

"ಚಿಕ್ಕಪ್ಪ ಚಿಕ್ಕಮ್ಮ."

"ಅವ್ರು?"

ಮಗಳು ಚಿಕ್ಕಪ್ಪನ ಕಡೆ ನೋಡಿದಳು. "ಅಪ್ಪಂಗೆ ಆವತ್ತು ಉಸಾರಿರಲಿಲ್ಲ" ಎಂದಳು.

ತಾಯಿ ಮತ್ತೆ ಅದನ್ನು ಕೇಳಲಿಲ್ಲ. "ಸರಿ, ಬಾಣಂತನ ನಾನ್ ಮಾಡ್ತೀನಿ. ಚಿಕ್ಕಮ್ಮಂಗೆ ಆ ಕೆಲಸ ಬರಾಕಿಲ್ಲ, ನಂಗೊತ್ತು. ನೀರು ಉಯ್ಯೋದ್ರಾಗೆ ಐತೆ ಎಲ್ಲಾ" ಎಂದಳು. ಮೈದುನ, "ಅವಳಿಗೆ ಬರಾಕಿಲ್ಲ ಅತ್ತಿಗೆ, ನೀವೇ ಸರಿ" ಎಂದ. ಮೂವರೂ ಸ್ವಲ್ಪ ನಕ್ಕರು. ಆಕೆ ಮಗಳ ಜಡೆ ಬಿಚ್ಚಿ, ಹೆಣೆದದ್ದು ಸರಿಯಿಲ್ಲವೆಂದು ಮತ್ತೆ ಹೆಣೆದಳು. ಮಗಳು ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು, ಬೆನ್ನು ಅಲುಗುತ್ತಿತ್ತು. "ಅಲ್ಲಾಡಬ್ಯಾಡ, ನೆಟ್ಟಗೆ ಕೂತ್ಕೋ" ಎಂದು ತಾಯಿ ಎರಡು ಸಲ ಹೇಳಿದಳು.

ಹೊರಡುವಾಗ ಮಗಳು ವಾರ್ಡನ್‌ಗೆ ಹೇಳಿದ್ದು ಇಷ್ಟು: ಹೆರಿಗೆ ಆಗಲಿ, ಗಂಡನಿಗೆ ತಾನೇ ಸಮಯ ನೋಡಿ ಹೇಳುತ್ತೇನೆ, ಅಲ್ಲಿಯವರೆಗೆ ಅವ್ವ ಇಲ್ಲಿರಲಿ. ಊರಿಗೆ ಹೋದರೆ ಸುದ್ದಿ ಒಂದೇ ದಿನದಲ್ಲಿ ಕಡಯಂಪಟ್ಟಿ ಮುಟ್ಟುತ್ತದೆ.

ಟ್ರಸ್ಟಿ ವಿಡಿಯೊ ಕೇಳಿದರು. ಇಲ್ಲ ಎಂದೆ. ಯಾಕೆಂದು ಹೇಳಿದೆ. ಅವರು ಕನ್ನಡಕ ಒರೆಸಿಕೊಂಡು, "ಸರಿ, ಬೇರೆ ಏನಾದರೂ ಮಾಡಿ" ಎಂದರು. ಆ ವರ್ಷದ ಮನವಿಗೆ ಹೊಸ ಅಡುಗೆಮನೆಯ ಫೋಟೊ ಹಾಕಿದೆ. ವಾರ್ಷಿಕ ವರದಿಯಲ್ಲಿ ಕುಟುಂಬ ಪತ್ತೆಯಾದವರು, ಕುಟುಂಬ ಸೇರಿದವರು ಎಂದು ಎರಡು ಸಾಲುಗಳಿವೆ. ಆಕೆಯನ್ನು ಮೊದಲನೆಯದರಲ್ಲಿ ಸೇರಿಸಿದೆ.

ಗಂಡ ಇಲ್ಲವೆಂಬುದನ್ನು ಆಶ್ರಯಧಾಮದ ಆಪ್ತಸಲಹೆಗಾರ್ತಿ ಕಾರ್ತಿಕದಲ್ಲಿ ಹೇಳಿದರು, ಮಗಳ ಒಪ್ಪಿಗೆ ಪಡೆದು. ನಾನೂ ಇದ್ದೆ. ಕೊಳ್ಳಿ ಇಟ್ಟವರು ಯಾರೆಂದು ಆಕೆ ಕೇಳಿದಳು. ಮೈದುನ ಎಂದೆವು. ತಲೆಯಾಡಿಸಿ, ಬಳೆಗಳನ್ನು ತಾನೇ ಒಂದೊಂದಾಗಿ ತೆಗೆದು ಕಿಟಕಿಯಲ್ಲಿಟ್ಟಳು. ಅಡುಗೆಯವರಿಂದ ಹಳೆ ಪಂಚೆ ಕೇಳಿ ಪಡೆದು ಚೌಕ ಚೌಕ ಹರಿದು, ಒಗೆದು, ಮಡಿಸಿ ದಿಂಬಿನ ಕೆಳಗೆ ಇಡತೊಡಗಿದಳು. ಮಗುವಿಗೆ.

ಸಂಕ್ರಾಂತಿಯಾದ ಮೇಲೆ ತೈ ತಿಂಗಳಲ್ಲಿ, ಕಳೆದ ಭಾನುವಾರ, ಮೈದುನ ವಾರ್ಡನ್‌ಗೆ ಫೋನ್ ಮಾಡಿದ. ಧರ್ಮಪುರಿಯ ಆಸ್ಪತ್ರೆಯಲ್ಲಿ ಮಗಳಿಗೆ ಹೆರಿಗೆಯಾಗಿದೆ, ಹೆಣ್ಣುಮಗು. ಬಾಣಂತನಕ್ಕೆ ಅವಳ ಅತ್ತೆ ತಮ್ಮ ಮನೆಗೇ ಕರೆದುಕೊಂಡು ಹೋಗಿದ್ದಾರೆ. ಅವ್ವ ಬದುಕಿರುವುದನ್ನು ಮಗಳು ಅಲ್ಲಿ ಇನ್ನೂ ಹೇಳಿಲ್ಲ.