ಫೋಟೋದಲ್ಲಿದ್ದ ಪಾದ

ಸೊಸೆಗೆ ಮಾವನ ಪಾದ ಕಾಣುವುದು ಹಬ್ಬಹುಣ್ಣಿಮೆಗೆ, ನಮಸ್ಕಾರಕ್ಕೆ ಬಾಗಿದಾಗ. ನಮ್ಮ ಮಾವನವರದು ಆಗಲೂ ಕಾಣುತ್ತಿರಲಿಲ್ಲ. ಪುಣೆಯ ಖಡಕಿಯ ಮಿಲಿಟರಿ ಕಚೇರಿಯೊಂದರಲ್ಲಿ ಬಹಳ ವರ್ಷ ಕಾರಕೂನರಾಗಿದ್ದವರು, ರಿಟೈರಾದ ಮೇಲೂ ಬೆಳಿಗ್ಗೆ ಎದ್ದ ಕೂಡಲೇ ಸಾಕ್ಸ್ ಏರಿಸುತ್ತಿದ್ದರು. ಆ ವರ್ಷ ದೀಪಾವಳಿ ಪಾಡ್ಯದ ದಿನ ಮಾತ್ರ ಎಣ್ಣೆಸ್ನಾನ ಮುಗಿಸಿ ಬರಿಗಾಲಲ್ಲೇ ಕುರ್ಚಿಯ ಮೇಲೆ ಕೂತಿದ್ದರು. ನಾನು ಬಾಗಿದೆ. ಎಡಗಾಲಿನ ಹೆಬ್ಬೆರಳ ಪಕ್ಕದ ಬೆರಳು ಬೂದಿ ಬಣ್ಣಕ್ಕೆ ತಿರುಗಿತ್ತು. ಏಳುವುದನ್ನು ಮರೆತು ಅದನ್ನೇ ನೋಡುತ್ತಿದ್ದೆ. ಅವರು ಆಶೀರ್ವಾದ ಮಾಡಿ, ಪಾದವನ್ನು ಧೋತರದೊಳಗೆ ಎಳೆದುಕೊಂಡರು.

ಬಣ್ಣದ ವಿಷಯದಲ್ಲಿ ನನಗೆ ಆಗ ಸೊಕ್ಕಿತ್ತು. ತೊಂಬತ್ತರ ದಶಕದ ಆರಂಭದಲ್ಲಿ ಧಾರವಾಡದಿಂದ ಮದುವೆಯಾಗಿ ಪುಣೆಗೆ ಬಂದವಳು, ಎರಡು ವರ್ಷದಲ್ಲಿ ಲಕ್ಷ್ಮೀ ರಸ್ತೆಯ ಒಂದು ಮ್ಯಾಚಿಂಗ್ ಸೆಂಟರಿನಲ್ಲಿ ಕೆಲಸಕ್ಕೆ ನಿಂತಿದ್ದೆ. ಸೀರೆ ತಂದವರಿಗೆ ಅದಕ್ಕೆ ಒಪ್ಪುವ ಜಂಪರಿನ ಬಟ್ಟೆ, ಫಾಲ್, ಒಳಲಂಗ ಆರಿಸಿಕೊಡುವ ಕೆಲಸ. ಅಂಗಡಿಯ ಯಜಮಾನರು ಮೊದಲ ದಿನ ಹೇಳಿಕೊಟ್ಟದ್ದು ಒಂದೇ ಪಾಠ: ಒಳಗಿನ ಟ್ಯೂಬ್‌ಲೈಟನ್ನು ನಂಬಬೇಡ. ಅದರ ಕೆಳಗೆ ಒಂದೇ ಎನ್ನಿಸಿದ ಎರಡು ಹಸಿರು ಬಿಸಿಲಿಗೆ ಬಂದ ಕೂಡಲೇ ಜಗಳಕ್ಕೆ ನಿಲ್ಲುತ್ತವೆ. ಹಾಗಾಗಿ ಸೀರೆಯ ಸೆರಗು ಒಂದು ಕೈಯಲ್ಲಿ, ಬಟ್ಟೆಯ ತುಂಡು ಇನ್ನೊಂದು ಕೈಯಲ್ಲಿ ಹಿಡಿದು, ಗಿರಾಕಿಯನ್ನೂ ಕರೆದುಕೊಂಡು ಅಂಗಡಿಯ ಬಾಗಿಲಿಗೆ ಹೋಗಿ ನಿಲ್ಲುವುದು ನನ್ನ ದಿನದ ಅರ್ಧ ಕೆಲಸ. ಇಷ್ಟು ವರ್ಷಗಳಲ್ಲಿ ಬಣ್ಣ ತಪ್ಪಿತೆಂದು ನನ್ನ ಕೈಯ ಬಟ್ಟೆಯನ್ನು ಯಾರೂ ತಿರುಗಿ ತಂದಿರಲಿಲ್ಲ. ಅದನ್ನು ಬೇಡವೆಂದರೂ ಎಲ್ಲರಿಗೂ ಹೇಳುತ್ತಿದ್ದೆ.

ಮಾವನವರಿಗೆ ಸಕ್ಕರೆ ಕಾಯಿಲೆ ಹಳೆಯದು. ಬೂಟು ಕಚ್ಚಿ ಗುಳ್ಳೆ ಎದ್ದು ಒಡೆದಿತ್ತಂತೆ. ನೋವಿಲ್ಲದ್ದಕ್ಕೆ ಯಾರಿಗೂ ಹೇಳಿರಲಿಲ್ಲ. ಡಾಕ್ಟರ ಹತ್ತಿರ ಹೋಗೋಣ ಎಂದು ನನ್ನ ಗಂಡ ಅಂದರೆ ಅವರು ಕಿವಿಗೇ ಹಾಕಿಕೊಳ್ಳಲಿಲ್ಲ. ಅದಕ್ಕೆ ಕಾರಣವಿತ್ತು. ಅವರ ಅಣ್ಣ ಇದೇ ಕಾಯಿಲೆಯಲ್ಲಿ, ಬೆರಳು ತೋರಿಸಿ ಬರುತ್ತೇನೆಂದು ಆಸ್ಪತ್ರೆಗೆ ನಡೆದುಕೊಂಡು ಹೋದವರು, ಮೊಣಕಾಲ ಕೆಳಗೆ ಏನೂ ಇಲ್ಲದೆ ಟಾಂಗಾದಲ್ಲಿ ಮನೆಗೆ ಬಂದಿದ್ದರು. ಮಾವನವರು ದಿನಾ ಬೆಳಿಗ್ಗೆ ಸದಾಶಿವ ಪೇಠದ ನಮ್ಮ ಮನೆಯಿಂದ ಸಾರಸಬಾಗಿನ ಗಣಪತಿಗೆ ನಡೆದು ಹೋಗಿ ಬಂದ ಮೇಲೆಯೇ ಚಹಾ ಕುಡಿಯುವವರು. ಅತ್ತೆಯವರು ತೀರಿಕೊಂಡ ಮೇಲೆ ಅವರಿಗೆ ಅಂತ ಉಳಿದಿದ್ದದ್ದು ಆ ನಡಿಗೆ ಒಂದೇ. ಕಾಲು ಹೋದರೆ ಅದೂ ಹೋಗುತ್ತದೆಂಬುದು ಅವರಿಗೆ ಗೊತ್ತಿತ್ತು, ನಮಗೂ ಗೊತ್ತಿತ್ತು.

ನಾದಿನಿ ಹುಬ್ಬಳ್ಳಿಯಲ್ಲಿ ಹೆರಿಗೆ ಡಾಕ್ಟರು. ಅಲ್ಲಿಂದ ಫೋನಿನಲ್ಲಿ ಅಪ್ಪನನ್ನು ಬೈದಳು, ಅತ್ತಳು, ನೋವಿಲ್ಲದ ಗಾಯವೇ ಕೆಟ್ಟದ್ದು ಎಂದು ನನಗೆ ಬಿಡಿಸಿ ಹೇಳಿದಳು. ಜೊತೆಯ ಡಾಕ್ಟರು ರಜೆಯಲ್ಲಿದ್ದರಿಂದ ಅವಳಿಗೆ ಕೂಡಲೇ ಬರುವ ಹಾಗಿರಲಿಲ್ಲ. ಕೊನೆಗೆ ಮಾವನವರು ಒಂದು ಮಾತಿಗೆ ಇಳಿದರು.

"ನನ್ನ ಮಗಳು ನೋಡಿ ಹೋಗು ಅಂದ್ರ ಹೋಗ್ತೀನಿ. ಬ್ಯಾರೆಯವರ ಮಾತಿಗೆ ನಾ ಕಾಲ ಕೊಡಾಂವಲ್ಲ."

ಮಗಳು ಅಲ್ಲಿ, ಕಾಲು ಇಲ್ಲಿ. ಇದ್ದ ಉಪಾಯ ಫೋಟೋ ಒಂದೇ. ಮನೆಯಲ್ಲಿದ್ದ ರೀಲಿನ ಕ್ಯಾಮೆರಾದಲ್ಲಿ ತೆಗೆದು ತೊಳೆಸಿ ಕಳಿಸುವಷ್ಟರಲ್ಲಿ ಗಾಯ ಎಲ್ಲಿಗೆ ಮುಟ್ಟುತ್ತದೋ ಯಾರಿಗೆ ಗೊತ್ತು. ಗಂಡನ ಮೊಬೈಲಿನಲ್ಲಿ ತೆಗೆದರೆ ಕಾಲೋ ಕಲ್ಲೋ ತಿಳಿಯದಷ್ಟು ಮಸುಕು. ಆಗಷ್ಟೇ ವಯರಿಲ್ಲದೆ ಫೋಟೋ ಕಳಿಸುವ ಸಣ್ಣ ಡಿಜಿಟಲ್ ಕ್ಯಾಮೆರಾಗಳು ಬಂದಿದ್ದವು. ಮನೆಯಲ್ಲಿ ಇಂಟರ್ನೆಟ್ಟಿನ ವೈರ್‌ಲೆಸ್ ಡಬ್ಬಿ ಇದ್ದರೆ ಕ್ಯಾಮೆರಾದ ಗುಂಡಿ ಒತ್ತಿದರೆ ಸಾಕು, ಫೋಟೋ ನೇರ ಈಮೇಲಿಗೆ ಹೋಗುತ್ತದೆ. ಹೊಸ ಯಂತ್ರ ಎಂದರೆ ಬಾಯಿ ಬಿಡುವ ನನ್ನ ಗಂಡ ಆ ಡಬ್ಬಿಯನ್ನು ಮೊದಲೇ ಹಾಕಿಸಿಕೊಂಡಿದ್ದರು. ಯಾವುದಾದರೂ ಕೊಳ್ಳಿ, ಆದರೆ ಬಣ್ಣದ ಕಡೆ ಲಕ್ಷ್ಯ ಇರಲಿ ಎಂದು ನಾದಿನಿ ಎರಡೆರಡು ಸಲ ಹೇಳಿದಳು.

"ಎಲ್ಲಾ ಬಣ್ಣದ ಮ್ಯಾಲೇ ಅದ ವೈನಿ. ಕೆಂಪಿದ್ರ ರಕ್ತ ಹರೀಲಿಕ್ಕತ್ತದ ಅಂತ ತಿಳೀತದ. ಕಪ್ಪಾದ್ರ ಒಂದು ದಿನಾನೂ ಕಾಯೋ ಹಂಗಿಲ್ಲ."

ಬಣ್ಣದ ಮಾತು ಬಂದದ್ದೇ ಗಂಡ ಆರಿಸುವ ಕೆಲಸವನ್ನು ನನಗೆ ವಹಿಸಿದರು. ಬುಧವಾರ ಪೇಠದ ಅಂಗಡಿಯಲ್ಲಿ ಮೂರು ಗಂಟೆ ಕೂತೆವು. ವಯರಿಲ್ಲದೆ ಫೋಟೋ ಕಳಿಸುವಂಥವು ಎರಡೇ ಇದ್ದವು. ಒಂದು ಕಪ್ಪಗೆ, ಸ್ವಲ್ಪ ದಪ್ಪ, ನೋಡಲು ಸೋಪಿನ ಪೆಟ್ಟಿಗೆಯಂತೆ. ಇನ್ನೊಂದು ಬೆಳ್ಳಿ ಬಣ್ಣದ್ದು, ತೆಳ್ಳಗಿನದು. ಅಂಗಡಿಯವರು ಎರಡರಲ್ಲೂ ನನ್ನ ಕೈಯ ಫೋಟೋ ತೆಗೆದು ಪಕ್ಕಪಕ್ಕ ಇಟ್ಟು ತೋರಿಸಿದರು. ಕಪ್ಪು ಕ್ಯಾಮೆರಾದಲ್ಲಿ ನನ್ನ ಕೈ ಇದ್ದ ಹಾಗೇ ಇತ್ತು: ಉಗುರಿನ ಸಂದಿಯ ಅರಿಶಿನ, ಎದ್ದ ನರಗಳು, ಮಣಿಕಟ್ಟಿನ ಹತ್ತಿರ ರೊಟ್ಟಿಯ ಹಂಚು ತಾಗಿ ಸುಟ್ಟ ಹಳೆಯ ಕಲೆ. ಬೆಳ್ಳಿಯದರಲ್ಲಿ ಅದೇ ಕೈ ಹತ್ತು ವರ್ಷ ಚಿಕ್ಕದಾಗಿ, ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಚರ್ಮ ಕಂಡರೆ ಈ ಕ್ಯಾಮೆರಾ ತಾನೇ ಚೊಕ್ಕ ಮಾಡುತ್ತದೆ, ನೀವೇನೂ ಒತ್ತಬೇಕಿಲ್ಲ ಎಂದು ಅವರು ಮರಾಠಿಯಲ್ಲಿ ಹೆಮ್ಮೆಯಿಂದ ವಿವರಿಸಿದರು.

ಸುಟ್ಟ ಕಲೆ ಮಾಯವಾಗಿದ್ದದ್ದು ನನ್ನ ಕಣ್ಣಿಗೆ ಬಿತ್ತು. ಬಿದ್ದಿರಲಿಲ್ಲ ಎಂದು ನಾನು ಇವತ್ತಿಗೂ ಸುಳ್ಳು ಹೇಳಲಾರೆ. ಗಂಡನಿಗೆ ತೋರಿಸಿ, ನೋಡಿ ಕಲೆಯನ್ನೂ ವಾಸಿ ಮಾಡಿತು ಎಂದು ನಕ್ಕೆ. ಅವರು ಕಪ್ಪನೆಯದೇ ಗಟ್ಟಿ ಅನ್ನಿಸುತ್ತದೆ ಎಂದು ಮೆಲ್ಲಗೆ ಅಂದರು. ಬಣ್ಣ ನನಗೆ ಗೊತ್ತೋ ನಿಮಗೆ ಗೊತ್ತೋ ಎಂದು ಬಾಯಿ ಮುಚ್ಚಿಸಿ, ಆ ಗುಲಾಬಿ ಕೈಗೆ ಮರುಳಾಗಿ ಬೆಳ್ಳಿಯದನ್ನು ಕಟ್ಟಿಸಿದೆ.

ಮರುದಿನದಿಂದ ಅದೊಂದು ಪೂಜೆಯ ಹಾಗೆ ನಡೆಯಿತು. ಬೆಳಿಗ್ಗೆ ನಾನು ಕೆಲಸಕ್ಕೆ ಹೊರಡುವ ಮುಂಚೆ ಮಾವನವರು ತಮ್ಮ ಕೋಣೆಯಲ್ಲಿ ಮಂಚದ ಮೇಲೆ ಕೂತು, ಸಾಕ್ಸ್ ತೆಗೆದು, ಕಾಲನ್ನು ಸ್ಟೂಲಿನ ಮೇಲೆ ಇಡುತ್ತಿದ್ದರು. ಆ ಕೋಣೆಗೆ ಇದ್ದ ಒಂದೇ ಕಿಟಕಿ ಪಕ್ಕದ ಕಟ್ಟಡದ ಗೋಡೆಗೆ ತೆರೆಯುತ್ತಿದ್ದದ್ದರಿಂದ ಹಗಲಲ್ಲೂ ಟ್ಯೂಬ್‌ಲೈಟ್ ಹಾಕಬೇಕು. ನಾನು ಫೋಟೋ ತೆಗೆದು ಗುಂಡಿ ಒತ್ತುತ್ತಿದ್ದೆ. ಕ್ಯಾಮೆರಾದ ನೀಲಿ ದೀಪ ಒಂದಷ್ಟು ಹೊತ್ತು ಮಿಣುಕಿ ನಿಲ್ಲುತ್ತಿತ್ತು. ವಯರಿಲ್ಲದೆ ಕಾಲು ಹುಬ್ಬಳ್ಳಿಗೆ ಹೋಯಿತೇ ಎಂದು ಮಾವನವರು ದಿನಾ ಕೇಳುತ್ತಿದ್ದರು, ನಾನು ಹೋಯಿತು ಎನ್ನುತ್ತಿದ್ದೆ. ಮಧ್ಯಾಹ್ನ ನಾದಿನಿಯ ಫೋನು ಬರುತ್ತಿತ್ತು. ಬಣ್ಣ ಛಲೋ ಇದೆ, ನಾನು ಹೆದರಿದಷ್ಟು ಇಲ್ಲ, ಮಾತ್ರೆ ತಪ್ಪಿಸಬೇಡಿ, ನಡೆಯಲು ಬಿಡಬೇಡಿ. ಮಾತ್ರೆ ತಪ್ಪಲಿಲ್ಲ. ನಡೆಯುವುದನ್ನು ಮಾತ್ರ ಅವರು ಬಿಡಲಿಲ್ಲ. ಕ್ಯಾಮೆರಾದ ಪರದೆಯನ್ನು ಕಣ್ಣಿಗೆ ಹತ್ತಿರ ಹಿಡಿದು ಒಮ್ಮೆ ನನಗೆ ತೋರಿಸಿ, ಕೂಸಿನ ಪಾದದ ಹಾಗೆ ಆಗಿದೆ ನೋಡು ಎಂದರು. ಅವರು ನಕ್ಕದ್ದು ಎಷ್ಟೋ ದಿನದ ಮೇಲೆ.

ಬರಿಗಣ್ಣಿಗೆ ಆ ಬೆರಳು ಬೂದಿಯಾಗಿಯೇ ಕಾಣುತ್ತಿತ್ತು. ಪಕ್ಕದ ಬೆರಳಿಗೂ ಅದರ ನೆರಳು ಹತ್ತಿದೆಯೇನೋ ಎಂದು ಒಂದು ದಿನ ಅನ್ನಿಸಿತು. ಪರದೆ ನೋಡಿದೆ, ಗುಲಾಬಿ. ಡಾಕ್ಟರೇ ಚೆನ್ನಾಗಿದೆ ಎನ್ನುವಾಗ ನನ್ನದೇನು, ನಲವತ್ತರ ಕಣ್ಣು, ಚಾಳೀಸು ಬರುವ ಕಾಲ ಎಂದುಕೊಂಡೆ. ನಿಜ ಹೇಳಬೇಕೆಂದರೆ ನನಗೂ ಗುಲಾಬಿಯೇ ಬೇಕಾಗಿತ್ತು. ಆಸ್ಪತ್ರೆ ಎಂದರೆ ಕೆಲಸ ಬಿಟ್ಟು ಮನೆಯಲ್ಲಿ ಕೂರಬೇಕಾದವಳು ನಾನೇ. ದೀಪಾವಳಿ ಮುಗಿದು ಲಗ್ನದ ಸೀಸನ್ ಶುರುವಾಗಿತ್ತು, ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೇಕಾದ ಬಣ್ಣವನ್ನು ಯಂತ್ರ ತೋರಿಸಿತು, ನಾನು ನಂಬಿದೆ. ಆಮೇಲೆ ಕಾಲನ್ನಲ್ಲ, ಪರದೆಯನ್ನೇ ನೋಡಿ ಗುಂಡಿ ಒತ್ತುತ್ತಿದ್ದೆ.

ಎರಡನೇ ವಾರ ಮನೆಯಲ್ಲಿ ವಾಸನೆ ಶುರುವಾಯಿತು. ಇಲಿ ಸತ್ತಿರಬೇಕೆಂದು ಒಂದು ಭಾನುವಾರ ಗಂಡ ಕಪಾಟು ಎಳೆದರು, ನಾನು ಮಂಚದ ಕೆಳಗೆಲ್ಲ ಗುಡಿಸಿದೆ. ಮಾವನವರೂ ಸಾಕ್ಸ್ ಹಾಕಿದ ಕಾಲಲ್ಲೇ ಕೋಲು ಹಿಡಿದು ಮೂಲೆ ಮೂಲೆ ಕೆದಕಿದರು. ಅವರು ಹೋದ ಮೂಲೆಯಲ್ಲೆಲ್ಲ ವಾಸನೆ ಹೆಚ್ಚುತ್ತಿತ್ತು. ಇಲ್ಲೇ ಇದೆ ಇಲ್ಲೇ ಇದೆ ಎಂದು ನಾವು ಅವರ ಹಿಂದೆ ತಿರುಗಿದೆವು. ಇಲಿ ಸಿಗಲಿಲ್ಲ. ಸಂಜೆ ಲೋಬಾನ ಹಾಕಿ ಸುಮ್ಮನಾದೆವು.

ಮಂಗಳವಾರ ಅಂಗಡಿಗೆ ಒಬ್ಬ ಹೆಂಗಸು ಬಂದಳು. ಸೀರೆ ಬಾರಾಮತಿಯಲ್ಲಿ ಅಕ್ಕನ ಹತ್ತಿರ ಇದೆಯಂತೆ, ಅದರ ಫೋಟೋ ಮಾತ್ರ ತಂದಿದ್ದಳು. ಹೊಸ ಡಿಜಿಟಲ್ ಕ್ಯಾಮೆರಾದಲ್ಲಿ ತೆಗೆದದ್ದು, ಬಣ್ಣ ಅಚ್ಚುಕಟ್ಟಾಗಿ ಬಂದಿದೆ, ಇದಕ್ಕೇ ಜಂಪರ್ ಕೊಡಿ ಎಂದು ಹಟ ಹಿಡಿದಳು. ನನಗೆ ರೇಗಿತು. ಫೋಟೋ ನೋಡಿ ನಾನು ಬಣ್ಣ ಹೇಳುವುದಿಲ್ಲ, ಸೀರೆಯನ್ನೇ ತನ್ನಿ, ಬಾಗಿಲ ಬೆಳಕಿನಲ್ಲಿ ನೋಡದೆ ಒಂದು ಇಂಚು ಬಟ್ಟೆಯನ್ನೂ ಕತ್ತರಿಸುವುದಿಲ್ಲ ಎಂದು ಮರಾಠಿಯಲ್ಲಿ ಒಂದೇ ಉಸಿರಿಗೆ ಅಂದುಬಿಟ್ಟೆ. ಅಂದ ಮೇಲೆ ನನ್ನ ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟೆ. ಯಜಮಾನರಿಗೆ ಏನು ಹೇಳಿದೆನೋ ನೆನಪಿಲ್ಲ, ರಿಕ್ಷಾ ಹಿಡಿದು ಮನೆಗೆ ಬಂದೆ.

ಮಾವನವರು ಊಟ ಮುಗಿಸಿ ಪೇಪರ್ ಓದುತ್ತಿದ್ದರು. ಕುರ್ಚಿಯನ್ನು ಗ್ಯಾಲರಿಗೆ ಎಳೆದು ಬಿಸಿಲಿನಲ್ಲಿ ಇಟ್ಟೆ, ಬಂದು ಕೂರಲು ಹೇಳಿದೆ. ಅವರು ಕೂತರು. ಹದಿನೇಳು ವರ್ಷದಲ್ಲಿ ಮೊದಲ ಸಲ ನಾನೇ ಅವರ ಸಾಕ್ಸಿಗೆ ಕೈ ಹಾಕಿದೆ. ಅದು ಸುಲಭಕ್ಕೆ ಬರಲಿಲ್ಲ, ಅಂಟಿಕೊಂಡಿತ್ತು. ಬಂದ ಮೇಲೆ ನಾವು ಹುಡುಕಿದ ಇಲಿ ಎಲ್ಲಿತ್ತೆಂದು ತಿಳಿಯಿತು. ಎರಡು ಬೆರಳು ಪೂರ್ತಿ ಕಪ್ಪು. ಅಲ್ಲಿಂದ ಪಾದದ ಮೇಲೆ ಏರಿದ್ದ ಬಣ್ಣಗಳಿಗೆಲ್ಲ ನಮ್ಮ ಅಂಗಡಿಯಲ್ಲಿ ಹೆಸರಿದ್ದವು. ನೇರಳೆ, ಬದನೆ, ಪಾಚಿ. ಅವು ಆ ದಿನ ಬಂದ ಬಣ್ಣಗಳಲ್ಲ.

ಮಾವನವರು ತಮ್ಮ ಕಾಲನ್ನು ನೋಡಲಿಲ್ಲ, ನನ್ನ ಮುಖ ನೋಡಿದರು.

ಫೋನಿನಲ್ಲಿ ಮಗಳಿಂದಲೇ ಹೋಗು ಅನ್ನಿಸಿ ಅಂದೇ ಆಸ್ಪತ್ರೆಗೆ ಸೇರಿಸಿದೆವು. ಮರುದಿನ ಬೆಳಿಗ್ಗೆ ಹುಬ್ಬಳ್ಳಿಯ ಬಸ್ಸಿಳಿದು ನಾದಿನಿ ನೇರ ವಾರ್ಡಿಗೆ ಬಂದಳು. ಹೊದಿಕೆ ಸರಿಸಿ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ನನ್ನನ್ನು ಹೊರಗೆ ಕರೆದು, ಕೂಗಾಡದೆ, ನಿಜವಾಗಿಯೂ ತಿಳಿದುಕೊಳ್ಳಬೇಕೆಂಬಂತೆ ಕೇಳಿದಳು.

"ವೈನಿ, ಇಷ್ಟು ದಿನ ನೀವು ಯಾರ ಕಾಲಿನ ಫೋಟೋ ಕಳಿಸಿದ್ರಿ?"

ಮಣಿಕಟ್ಟಿನ ಕಲೆಯನ್ನು ಸೆರಗಿನಿಂದ ಮುಚ್ಚಿಕೊಂಡು ನಿಂತೆ. ಒಂದು ವಾರ ಮುಂಚೆ ಬಂದಿದ್ದರೆ ಬೆರಳಿನಲ್ಲಿ ಮುಗಿಯುತ್ತಿತ್ತು ಎಂದು ಅಲ್ಲಿಯ ಸರ್ಜನ್ ಹೇಳಿದರು. ಮೊಣಕಾಲ ಕೆಳಗೆ ತೆಗೆದರು. ನಾದಿನಿ ಮತ್ತೆ ಆ ಪ್ರಶ್ನೆ ಎತ್ತಲಿಲ್ಲ. ತಾನು ಫೋಟೋ ನಂಬಿದ್ದೂ ತಪ್ಪೇ ಎಂದು ಒಮ್ಮೆ ಅಂದಳು. ಅದರಿಂದ ನನಗೆ ಸಮಾಧಾನವೇನೂ ಆಗಲಿಲ್ಲ, ಇನ್ನಷ್ಟು ನಾಚಿಕೆಯಾಯಿತು.

ಮನೆಗೆ ಬಂದ ಮೇಲೆ ಗಂಡ ಕ್ಯಾಮೆರಾ ತೆಗೆದುಕೊಂಡು ಆ ಫೋಟೋಗಳನ್ನೆಲ್ಲ ಅಳಿಸಲು ಕೂತರು. ಮಾವನವರು ಮಂಚದಿಂದಲೇ ಕೈ ಎತ್ತಿ ತಡೆದರು.

"ಇರಲಿ ಬಿಡು. ಆ ಕಾಲಿಂದು ಇನ್ನ ಉಳದದ್ದು ಅಷ್ಟ ಅಲ್ಲೇನು?"

ಯಾರೂ ಅಳಿಸಲಿಲ್ಲ, ಯಾರೂ ತೆಗೆದು ನೋಡಲೂ ಇಲ್ಲ. ಬೆಳ್ಳಿಯ ಕ್ಯಾಮೆರಾ ಕಪಾಟಿನಲ್ಲಿ, ರೀಲಿನ ಹಳೆಯದರ ಪಕ್ಕ ಕೂತಿತು. ಮಾವನವರು ಸಾಕ್ಸ್ ಹಾಕುವುದನ್ನು ಬಿಟ್ಟರು. ಚಳಿಗಾಲದಲ್ಲೂ ಹಾಕಲಿಲ್ಲ. ದಿನಾ ಬೆಳಿಗ್ಗೆ, ಹಿಂದೆ ಗಣಪತಿಗೆ ಹೊರಡುತ್ತಿದ್ದ ಹೊತ್ತಿಗೆ ಸರಿಯಾಗಿ, ವಾಕರ್ ಹಿಡಿದು ಗ್ಯಾಲರಿಗೆ ಹೋಗಿ, ಕುರ್ಚಿಯಲ್ಲಿ ಕೂತು, ಉಳಿದ ಬಲಗಾಲನ್ನು ಬಿಸಿಲಿಗೆ ಚಾಚುತ್ತಿದ್ದರು. ನಾನು ಹೋಗಿ ನೆಲದ ಮೇಲೆ ಕೂತು ನೋಡುತ್ತಿದ್ದೆ. ಬಣ್ಣ ಹೇಳು ಎನ್ನುತ್ತಿದ್ದರು ಅವರು. ಗೋಧಿ ಬಣ್ಣರೀ ಮಾವಾರ ಎನ್ನುತ್ತಿದ್ದೆ. ಆಮೇಲೆ ಇಬ್ಬರೂ ಚಹಾ ಕುಡಿಯುತ್ತಿದ್ದೆವು.

ಮುಂದಿನ ದೀಪಾವಳಿಯಾಗಿ ಒಂದು ತಿಂಗಳಿರಬಹುದು. ಎಂದಿನಂತೆ ಕೂತು ನೋಡಿದೆ. ಕಿರುಬೆರಳಿನ ತುದಿ ಬೂದಿಯಾಗಿತ್ತು. ಕುರ್ಚಿಯ ನೆರಳಿರಬಹುದೆಂದು ಕಾಲನ್ನು ಇನ್ನಷ್ಟು ಬಿಸಿಲಿಗೆ ಎಳೆದು ನೋಡಿದೆ. ನೆರಳಲ್ಲ. ನೆರಳೆಂದು ಹೇಳಿಬಿಡಬೇಕೆಂದು ನನಗೆ ಎಷ್ಟು ಆಸೆಯಾಯಿತೆಂದರೆ ಬಾಯಿ ಅರ್ಧ ತೆರೆದಿತ್ತು. ಅವರು ಕಾಯುತ್ತಿದ್ದರು.

"ಕಿರಿಬೆರಳು ಕಪ್ಪಾಗ್ಲಿಕ್ಕತ್ತದ್ರಿ ಮಾವಾರ. ಈಗ ಹೋಗೂಣ್ರಿ," ಎಂದೆ.

ಅವರು ಮಗಳನ್ನು ಕೇಳು ಎನ್ನಲಿಲ್ಲ. ವಾಕರ್ ಎಳೆದುಕೊಂಡು ಎದ್ದು, ಚಪ್ಪಲಿ ಎಲ್ಲಿ ಎಂದಷ್ಟೇ ಕೇಳಿದರು. ಆ ಸಲ ಒಂದು ಬೆರಳು ಮಾತ್ರ ಹೋಯಿತು.